ಧರ್ಮವಿದ್ಯೆಯ ಎರಡು ದಾರಿಗಳು : ಒಂದು ಐತಿಹಾಸಿಕ ವಿವೇಚನೆ

ಶ್ರೀಮಠದ ಮಹೋತ್ಸವದ ಶುಭಸಂದರ್ಭದಲ್ಲಿ ಪ್ರಕಟವಾಗುವ ಈ ಸಂಸ್ಮರಣ ಗ್ರಂಥಕ್ಕೆ ಇತಿಹಾಸ ವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಈ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ದೊಡ್ಡವನಾದ ನಾನು ಇಲ್ಲವೆನ್ನುವುದೆಂತು? ಆದರೆ ಬರೆಯತಕ್ಕ ವಿಷಯವಾವುದೆಂಬ ಯೋಚನೆಯಲ್ಲಿಯೇ ಕೆಲವು ದಿನಗಳು ಕಳೆದುಹೋದವು. ಗುರುಪರಂಪರೆಯ ಚರಿತ್ರೆಯನ್ನೂ ದಾಸೋಹದ ಮಹಿಮೆಯನ್ನೂ ಕುರಿತು ನನಗಿಂತ ಬಲ್ಲವರು ಈ ಗ್ರಂಥದಲ್ಲಿ ಬರೆದಿರುತ್ತಾರೆ. ಹೀಗಿರಲು ವಿಷಯವು ತಾನಾಗಿಯೇ ನನ್ನ ಬಾಗಿಲಿಗೆ ನಡೆದು ಬಂದಿತು.

ಪ್ರಸಾದನಿಲಯದ ತರುಣನೊಬ್ಬನು ಬಿ.ಎ. ಪರೀಕ್ಷೆಯಲ್ಲಿ ಉತ್ತಮ ರೀತಿಯಿಂದ ತೇರ್ಗಡೆ ಹೊಂದಿ, ಮೇಲಿನ ವ್ಯಾಸಂಗಕ್ಕಾಗಿ ಅಮೇರಿಕಾ ದೇಶದ ಎರಡು ವಿದ್ಯಾಲಯಗಳಿಗೆ ಅರ್ಜಿಯನ್ನು ಕಳುಹಿಸಿದ್ದನು. ಎರಡು ಕಡೆಗಳಿಂದಲೂ ಪ್ರವೇಶಪತ್ರಗಳು ಬಂದವು. ಒಂದು ಪತ್ರದಲ್ಲಿ ‘ಮಾಸ್ಟರ್ ಆಫ್ ಡಿವಿನಿಟಿ’ ಎಂಬ ಮೂರು ವರ್ಷಗಳ ಪದವಿಗೆ ಕರೆ. ಇನ್ನೊಂದರಲ್ಲಿ ಧರ್ಮಾಧ್ಯಯನದ ಎಂ.ಎ. ಎಂಬ ಎರಡು ವರ್ಷಗಳ ಪದವಿಗೆ ಕರೆ. ಪ್ರಯಾಣದ ವೆಚ್ಚವನ್ನೂ ವಿದ್ಯಾರ್ಥಿವೇತನದ ಒಂದು ಭಾಗವನ್ನೂ ಶ್ರೀಮಠವೇ ವಹಿಸಿಕೊಳ್ಳುವುದೆಂದು ನಿಶ್ಚಯವಾಗಿತ್ತು. ಹುಡುಗನು ಎರಡು ಕಾಗದಗಳನ್ನೂ ಪೂಜ್ಯ ಶ್ರೀಗಳ ಸನ್ನಿಧಿಯಲ್ಲಿಟ್ಟು, “ಎರಡೂ ಧರ್ಮದ ಓದೇ ಆದ ಮೇಲೆ ಯಾವುದಾದರೇನು, ಅಜ್ಜಾವರೆ?” ಎಂದು ಬಿನ್ನವಿಸಿದನಂತೆ. ಶ್ರೀಗಳು ನಕ್ಕು, ಅವನನ್ನು ನನ್ನ ಬಳಿಗೆ ಕಳುಹಿಸಿಕೊಟ್ಟರು. ಅವನಿಗೆ ನಾನು ಒಂದು ಸಂಜೆ ಹೇಳಿದ ಮಾತುಗಳೇ ಈ ಲೇಖನಕ್ಕೆ ಆಧಾರ. ಮಠದಿಂದ ಮಕ್ಕಳನ್ನು ಹೊರದೇಶದ ಓದಿಗೆ ಕಳುಹಿಸುವ ಭಕ್ತರಿಗೂ, ಹೋಗುವ ಶಿಷ್ಯರಿಗೂ ಇದರಿಂದ ಅಲ್ಪ ಪ್ರಯೋಜನವಾದೀತೆಂಬ ಆಸೆ ನನ್ನದು.

ಆ ಎರಡು ಪದವಿಗಳ ಹೆಸರುಗಳು ಒಂದಕ್ಕೊಂದು ಸಮೀಪವಾಗಿ ಕಾಣುತ್ತವೆ. ಓದುವ ಗ್ರಂಥಗಳಲ್ಲಿ ಅರ್ಧದಷ್ಟು ಒಂದೇ ಆಗಿರುವುದೂ ಉಂಟು. ಆದರೆ ಅವು ಒಂದೇ ಬೇರಿನಿಂದ ಹೊರಟು ಬೇರೆ ಬೇರೆ ಕಾರಣಗಳಿಗಾಗಿ ಬೆಳೆದ ಎರಡು ಕೊಂಬೆಗಳು. ಆ ಬೇರನ್ನು ಮೊದಲು ನೋಡೋಣ.

ಇಂಗ್ಲೆಂಡಿನಿಂದ ಕಡಲು ದಾಟಿ ಹೋದ ಪ್ಯೂರಿಟನ್ ಪಂಗಡದವರು ೧೬೩೬ರಲ್ಲಿ ಮೆಸಾಚುಸೆಟ್ಸ್ ಪ್ರಾಂತದಲ್ಲಿ ಒಂದು ಕಾಲೇಜನ್ನು ಸ್ಥಾಪಿಸಿದರು. ಎರಡು ವರ್ಷಗಳ ತರುವಾಯ ಮಡಿದ ಜಾನ್ ಹಾರ್ವರ್ಡ್ ಎಂಬ ತರುಣ ಪಾದ್ರಿಯು ತನ್ನ ಆಸ್ತಿಯ ಅರ್ಧವನ್ನೂ ಸುಮಾರು ೪೦೦ ಗ್ರಂಥಗಳನ್ನೂ ಅದಕ್ಕೆ ಬಿಟ್ಟುಹೋದುದರಿಂದ ಅವನ ಹೆಸರೇ ಅದಕ್ಕೆ ನಿಂತಿತು. ಈಗಿನ ಮುದುಕ ಪಾದ್ರಿಗಳು ಮಣ್ಣುಗೂಡಿದ ಮೇಲೆ ತಮ್ಮ ಸಭೆಗಳು ಓದುಬಾರದವರ ಪಾಲಾಗಬಾರದೆಂಬ ಭಯವು ಆ ಸ್ಥಾಪನೆಯ ಮುಖ್ಯ ಕಾರಣಗಳಲ್ಲೊಂದಾಗಿತ್ತು. ೧೭೦೧ರಲ್ಲಿ ಸ್ಥಾಪಿತವಾದ ಯೇಲ್ ಕಾಲೇಜಿನ ಉದ್ದೇಶವೂ ಇದಕ್ಕೆ ಹತ್ತಿರವಾದುದೇ. ಆ ಕಾಲದಲ್ಲಿ ಧರ್ಮವನ್ನು ತಿಳಿಯುವುದು, ಧರ್ಮದಲ್ಲಿ ಜನರನ್ನು ನಡೆಸುವುದು ಎಂಬವು ಎರಡು ವಿದ್ಯೆಗಳೆಂದು ಯಾರಿಗೂ ತೋರಿರಲಿಲ್ಲ. ಕಾಲೇಜಿನ ಓದು ಮುಗಿಸಿದವನು ಒಬ್ಬ ಅನುಭವಶಾಲಿಯಾದ ಪಾದ್ರಿಯ ಮನೆಯಲ್ಲಿದ್ದು, ಅವನ ಗ್ರಂಥಗಳನ್ನು ಓದಿ, ಅವನೊಡನೆ ರೋಗಿಗಳ ಮನೆಗೆ ಹೋಗಿಬಂದು, ಕ್ರಮೇಣ ತಾನೂ ಸಭಾಪಾಲಕನಾಗುತ್ತಿದ್ದನು. ನಮ್ಮಲ್ಲಿ ಮರಿಗಳು ಹಿರಿಯ ಸ್ವಾಮಿಗಳ ಸನ್ನಿಧಿಯಲ್ಲಿ ಬೆಳೆಯುತ್ತಿದ್ದ ರೀತಿಯನ್ನು ಬಲ್ಲವರಿಗೆ ಇದು ಹೊಸದಾಗಿ ತೋರಲಾರದು.

ಈ ಏಕತೆಯು ಒಡೆದುದು ಒಂದು ಜಗಳದಿಂದ. ೧೮೦೫ರಲ್ಲಿ ಹಾರ್ವರ್ಡಿನ ದೈವಶಾಸ್ತ್ರದ ಪ್ರಾಧ್ಯಾಪಕ ಸ್ಥಾನಕ್ಕೆ ಹೆನ್ರಿ ವೇರ್ ಎಂಬವರನ್ನು ಆರಿಸಲಾಯಿತು. ಅವರು ಯೂನಿಟೇರಿಯನ್ ಮತದತ್ತ ಒಲಿದವರೆಂದು, ಎಂದರೆ ದೇವರ ತ್ರಿತ್ವವನ್ನು ಒಪ್ಪದವರೆಂದು, ಸಂಪ್ರದಾಯಸ್ಥರು ಕನಲಿ ಹೊರಬಿದ್ದು, ೧೮೦೭ರಲ್ಲಿ ಆಂಡೋವರ್ ಎಂಬ ಊರಿನಲ್ಲಿ ತಮ್ಮದೇ ಆದ ಒಂದು ಗುರುಕುಲವನ್ನು ಸ್ಥಾಪಿಸಿದರು. ಕಾಲೇಜಿನ ಪದವಿಯನ್ನು ಪಡೆದವರಿಗೆ ಮೂರು ವರ್ಷಗಳ ಧರ್ಮಶಿಕ್ಷಣವನ್ನು ಕೊಡುವ ಪದ್ಧತಿಯು ಅಲ್ಲಿ ನೆಲೆಗೊಂಡಿತು. ಪ್ರಿನ್ಸ್‌ಟನ್ನಿನಲ್ಲಿ ೧೮೧೨ರಲ್ಲಿ ಅಂಥದೇ ಮತ್ತೊಂದು ಗುರುಕುಲವಾಯಿತು. ೧೮೧೬ರಲ್ಲಿ ಹಾರ್ವರ್ಡಿನಲ್ಲಿಯೂ ೧೮೨೨ರಲ್ಲಿ ಯೇಲಿನಲ್ಲಿಯೂ ಧರ್ಮಶಿಕ್ಷಣಕ್ಕೆ ಪ್ರತ್ಯೇಕ ಶಾಖೆಗಳು ಏರ್ಪಟ್ಟವು. ನಮ್ಮ ಹುಡುಗನ ಕೈಯಲ್ಲಿದ್ದ ಕಾಗದದ ಆ ‘ಮೂರು ವರ್ಷಗಳು’ ಆಂಡೋವರಿನ ಕಾಲದಿಂದ ಬಂದುವೆಂಬುದನ್ನು ವಾಚಕ ಮಹಾಶಯರು ಲಕ್ಷ್ಯದಲ್ಲಿಡಬೇಕು. ಮೊದಲು ಬ್ಯಾಚಲರ್ ಆಫ್ ಡಿವಿನಿಟಿ ಎಂದಿದ್ದ ಆ ಪದವಿಯ ಹೆಸರು ಹಿಂದಿನ ಶತಮಾನದ ಉತ್ತರಾರ್ಧದಲ್ಲಿ ಮಾಸ್ಟರ್ ಆಫ್ ಡಿವಿನಿಟಿ ಎಂದು ಬದಲಾಯಿತೇ ಹೊರತು ಅದರ ಅವಧಿಯೂ ಉದ್ದೇಶವೂ ಬದಲಾಗಲಿಲ್ಲ.

ಇದಂತಿರಲಿ. ಇದೇ ಕಾಲದಲ್ಲಿ ಯುರೋಪ ಖಂಡದಲ್ಲಿ ಬೇರೊಂದು ವಿಚಾರವು ಮೊಳೆಯುತ್ತಿದ್ದಿತು. ೧೮೧೦ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವು ಹುಟ್ಟುವಾಗ, ವಿದ್ಯೆಗಾಗಿಯೇ ವಿದ್ಯೆಯನ್ನು ಬೆಳೆಸತಕ್ಕ ಇಂಥ ಸ್ಥಳದಲ್ಲಿ ಪಾದ್ರಿಗಳನ್ನು ತಯಾರಿಸುವ ಶಾಖೆಗೆ ಎಡೆಯಿದೆಯೆ ಎಂಬ ಪ್ರಶ್ನೆ ಎದ್ದಿತು. ಶ್ಲೈಯರ್‌ಮಾಖರ್ ಎಂಬ ಪಂಡಿತರು ಇದಕ್ಕೆ ಕೊಟ್ಟ ಸಮಾಧಾನವು ಮನನಯೋಗ್ಯವಾಗಿದೆ. ವೈದ್ಯಶಾಸ್ತ್ರವು ಹೇಗೆ ರೋಗಿಗಾಗಿಯೂ ನ್ಯಾಯಶಾಸ್ತ್ರವು ಹೇಗೆ ರಾಜ್ಯದ ನ್ಯಾಯಕ್ಕಾಗಿಯೂ ಇರುವುವೋ, ಹಾಗೆ ದೈವಶಾಸ್ತ್ರವು ಸಭೆಯನ್ನು ನಡೆಸುವ ಕಾರ್ಯಕ್ಕಾಗಿ ಇರುತ್ತದೆ. ಆ ಕಾರ್ಯವನ್ನು ತೆಗೆದುಬಿಟ್ಟರೆ ಅದರ ಅಂಗಗಳು ಬಿಡಿಬಿಡಿಯಾಗಿ ಇತಿಹಾಸಕ್ಕೂ ಭಾಷಾಶಾಸ್ತ್ರಕ್ಕೂ ತತ್ತ್ವಶಾಸ್ತ್ರಕ್ಕೂ ಸೇರಿಹೋಗುತ್ತವೆ ಎಂಬುದು ಅವರ ಮತದ ಸಾರಾಂಶ. ಅವರು ಹೇಳಿದಂತೆಯೇ ಮುಂದೆ ನಡೆದುಹೋಯಿತು. ಸಭೆಯ ಕಾರ್ಯವನ್ನು ಬದಿಗಿಟ್ಟು, ಲೋಕದ ಎಲ್ಲ ಧರ್ಮಗಳನ್ನೂ ಒಂದೇ ಸಮನಾಗಿ ಪರೀಕ್ಷಿಸುವ ಹೊಸ ಶಾಸ್ತ್ರವೊಂದು ಕಣ್ಣು ತೆರೆಯಿತು. ಆಕ್ಸ್‌ಫರ್ಡಿನ ಮ್ಯಾಕ್ಸ್ ಮುಲ್ಲರ್ ಅವರು ೧೮೭೦ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳು ಈ ಶಾಸ್ತ್ರಕ್ಕೆ ನಾಂದಿಯೆಂದು ಹೇಳುವುದುಂಟು. ತನ್ನ ಧರ್ಮವೊಂದನ್ನೇ ಬಲ್ಲವನ ಅರಿವು ಅಪೂರ್ಣವೆಂಬುದು ಅವರ ದೃಢವಾದ ಅಭಿಪ್ರಾಯ. ಹಾಲೆಂಡ್ ದೇಶದಲ್ಲಿ ೧೮೭೬ರ ಶಾಸನವು ಈ ವಿಭಾಗವನ್ನು ಸರಕಾರದ ಕಾಯಿದೆಯನ್ನಾಗಿಯೇ ಮಾಡಿತು. ಸರಕಾರದ ಪ್ರಾಧ್ಯಾಪಕರು ಧರ್ಮಗಳ ಇತಿಹಾಸವನ್ನು ಕಲಿಸತಕ್ಕದ್ದು. ಮತಸಿದ್ಧಾಂತವನ್ನೂ ಸಭಾಪಾಲನೆಯನ್ನೂ ಸಭೆಯವರೇ ನೇಮಿಸಿದ ಪ್ರಾಧ್ಯಾಪಕರು ಕಲಿಸತಕ್ಕದ್ದು. ಮರುವರ್ಷ ಲೈಡನ್ ವಿಶ್ವವಿದ್ಯಾಲಯದಲ್ಲಿ ಟೀಲೆ ಎಂಬವರು ಧರ್ಮಗಳ ಇತಿಹಾಸದ ಪೀಠವನ್ನು ಏರಿದರು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಮ್ಯಾಕ್ಸ್ ಮುಲ್ಲರ್ ಅವರು ಋಗ್ವೇದವನ್ನು ಸಾಯಣಭಾಷ್ಯದೊಡನೆ ಅಚ್ಚು ಹಾಕಿಸಿದರು. ಪೂರ್ವದೇಶಗಳ ಪವಿತ್ರ ಗ್ರಂಥಗಳ ಅನುವಾದಗಳನ್ನು ೫೦ ಸಂಪುಟಗಳ ಮಾಲೆಯಾಗಿ ಹೊರಡಿಸುವ ಮಹಾಕಾರ್ಯಕ್ಕೆ ಕೈಯಿಟ್ಟರು. ಆದರೂ ಅವರು ತಮ್ಮ ಆಯುಷ್ಯದಲ್ಲಿ ಒಮ್ಮೆಯೂ ಹಿಂದುಸ್ಥಾನದ ನೆಲವನ್ನು ಮೆಟ್ಟಲಿಲ್ಲ. ಇದು ಅವರ ಪಾಂಡಿತ್ಯಕ್ಕೆ ಕುಂದೆಂದು ನಾನು ಹೇಳುತ್ತಿಲ್ಲ. ಪಾಂಡಿತ್ಯವು ಅಷ್ಟು ದೂರದಿಂದಲೂ ಸಾಧ್ಯವೆಂಬುದನ್ನೂ, ಗುರುತ್ವವು ಅಷ್ಟು ದೂರದಿಂದ ಎಂದಿಗೂ ಸಾಧ್ಯವಲ್ಲವೆಂಬುದನ್ನೂ ಮಾತ್ರ ತೋರಿಸುತ್ತಿದ್ದೇನೆ.

ಅಮೇರಿಕೆಯಲ್ಲಿ ಈ ಎರಡು ದಾರಿಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದ ಸಂಗತಿಯು ೧೯೬೩ರಲ್ಲಿ ನಡೆಯಿತು. ಸರಕಾರಿ ಶಾಲೆಗಳಲ್ಲಿ ಬೆಳಗಿನ ಹೊತ್ತು ಬೈಬಲಿನ ಪಾಠವನ್ನು ಭಕ್ತಿವಿಧಿಯಾಗಿ ಓದಿಸುವುದು ರಾಜ್ಯಘಟನೆಗೆ ವಿರುದ್ಧವೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು ಶೆಂಪ್ ಎಂಬ ಮನೆತನದವರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಆದರೆ ಧರ್ಮದ ವಿಷಯವನ್ನು ವಿದ್ಯೆಯ ರೂಪದಲ್ಲಿ ನಿಷ್ಪಕ್ಷಪಾತವಾಗಿ ಕಲಿಸುವುದಕ್ಕೆ ಅಡ್ಡಿಯಿಲ್ಲವೆಂದೂ ಅದೇ ತೀರ್ಪು ಸೂಚಿಸಿತು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮದ ವಿಷಯವಾಗಿ ಬೋಧಿಸುವುದು ಬೇರೆ ಎಂಬ ಈ ಭೇದವನ್ನು ಹಿಡಿದುಕೊಂಡು ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಧರ್ಮಾಧ್ಯಯನ ಶಾಖೆಗಳು ಒಂದರ ಹಿಂದೊಂದು ತಲೆಯೆತ್ತಿದವು. ಬೈಬಲನ್ನು ಕಲಿಸುವ ಅಧ್ಯಾಪಕರು ೧೯೦೯ರಲ್ಲಿ ಕಟ್ಟಿಕೊಂಡಿದ್ದ ಸಂಘವು ೧೯೬೪ರಲ್ಲಿ ‘ಅಮೇರಿಕನ್ ಅಕಾಡೆಮಿ ಆಫ್ ರಿಲಿಜನ್’ ಎಂಬ ಹೊಸ ಹೆಸರನ್ನು ಧರಿಸಿತು. ನಮ್ಮ ದೇಶದ ರಾಜ್ಯಘಟನೆಯ ೨೮ನೆಯ ಅನುಚ್ಛೇದವೂ ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧೆಯನ್ನು ನಿಷೇಧಿಸಿರುತ್ತದೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಧರ್ಮಸೇವೆಯ ಪದವಿಯವರು ಕೈಕಟ್ಟಿ ಕುಳಿತಿರಲಿಲ್ಲ. ಗ್ರಂಥಗಳನ್ನು ಓದಿದ ಮಾತ್ರಕ್ಕೆ ಸಂಕಟದಲ್ಲಿರುವವರ ಮುಂದೆ ನಿಲ್ಲುವ ಯೋಗ್ಯತೆ ಬರುವುದಿಲ್ಲವೆಂಬುದನ್ನು ತನ್ನ ಮೈಮೇಲಿನ ನೋವಿನಿಂದ ಅರಿತವರು ಆಂಟನ್ ಬೋಯ್ಸನ್ ಎಂಬ ಪಾದ್ರಿಗಳು. ೧೯೨೦ರಲ್ಲಿ ಅವರಿಗೆ ಚಿತ್ತಭ್ರಮಣೆಯಾಗಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಇರಬೇಕಾಯಿತು. ಗುಣಹೊಂದಿದ ಮೇಲೆ ಅವರು ವುಸ್ಟರ್ ಎಂಬಲ್ಲಿಯ ಅಂಥದೇ ಆಸ್ಪತ್ರೆಯಲ್ಲಿ ಧರ್ಮಸೇವಕರಾಗಿ ನಿಂತು, ೧೯೨೫ರ ಬೇಸಗೆಯಲ್ಲಿ ಧರ್ಮಶಿಕ್ಷಣದ ಕೆಲವರು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಯಿಸಿಕೊಂಡರು. ಹಗಲೆಲ್ಲ ರೋಗಿಗಳ ಸೇವೆ. ಸಂಜೆ ತಾವು ಕಂಡುದರ ಚರ್ಚೆ. ಗ್ರಂಥವನ್ನು ಓದುವಷ್ಟೇ ಎಚ್ಚರದಿಂದ ನೊಂದ ಮನುಷ್ಯನನ್ನೂ ಓದಬೇಕೆಂಬುದು ಅವರ ಪಾಠ. ಆ ಬೇಸಗೆಯ ಪಾಠವು ಬೆಳೆದು ಇಂದು ಅಮೇರಿಕೆಯ ಧರ್ಮಸೇವಕರ ಶಿಕ್ಷಣದಲ್ಲಿ ಒಂದು ಮುಖ್ಯ ಅಂಗವಾಗಿದೆ. ಅದರ ಒಂದು ಘಟಕಕ್ಕೆ ೪೦೦ ತಾಸುಗಳಷ್ಟು ಮೇಲ್ವಿಚಾರಣೆಯ ಕೆಲಸವನ್ನು ಆಸ್ಪತ್ರೆಯಲ್ಲಿಯೋ ಅಂಥ ಬೇರೆ ಸ್ಥಳದಲ್ಲಿಯೋ ಮಾಡಬೇಕಾಗುತ್ತದೆ.

ಈಗ ಆ ಎರಡು ಕಾಗದಗಳನ್ನು ಮತ್ತೊಮ್ಮೆ ನೋಡಿದರೆ ಅವುಗಳ ಅರ್ಥ ನಿಚ್ಚಳವಾಗುವುದು. ಮೂರು ವರ್ಷಗಳ ಪದವಿಯಲ್ಲಿ ಶಾಸ್ತ್ರವೂ ಸಭಾ ಚರಿತ್ರೆಯೂ ಇರುವುದಲ್ಲದೆ, ಪ್ರವಚನ ಮಾಡುವ ರೀತಿ, ಮದುವೆ ಮರಣಗಳ ವಿಧಿ, ದುಃಖಿಗಳಿಗೆ ಸಮಾಧಾನ ಹೇಳುವ ಕ್ರಮ, ಸಂಸ್ಥೆಯ ಆಡಳಿತ, ಒಬ್ಬ ಹಿರಿಯರ ಕೈಕೆಳಗೆ ಸೇವಾಭ್ಯಾಸ ಇವೆಲ್ಲವೂ ಸೇರಿರುತ್ತವೆ. ಎರಡು ವರ್ಷಗಳ ಪದವಿಯಲ್ಲಿ ಮೂಲಭಾಷೆಗಳ ಅಭ್ಯಾಸ, ಹಸ್ತಪ್ರತಿಗಳ ಪರಿಶೋಧನೆ, ಹಲವು ಧರ್ಮಗಳ ತೌಲನಿಕ ವಿಚಾರ, ಸಮಾಜಶಾಸ್ತ್ರದ ಪದ್ಧತಿಗಳು, ಕೊನೆಗೆ ಒಂದು ಪ್ರಬಂಧ ಇವು ಪ್ರಧಾನ, ಮುಂದೆ ಪಿಎಚ್.ಡಿ. ಮಾಡಿ ಅಧ್ಯಾಪಕರಾಗುವವರಿಗೆ ಅದು ಮೆಟ್ಟಿಲು. ಮೊದಲನೆಯದು ಇಂದು ಕ್ರೈಸ್ತರಿಗೇ ಮೀಸಲಾಗಿ ಉಳಿದಿಲ್ಲ. ಹಾರ್ವರ್ಡಿನಂಥ ಕಡೆಗಳಲ್ಲಿ ಬೌದ್ಧರೂ ಮುಸಲ್ಮಾನರೂ ಹಿಂದುಗಳೂ ಅದನ್ನು ಓದುತ್ತಿರುವರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು ೨೦೦೮ರಲ್ಲಿ ಹಿಂದೂ ವಿದ್ಯಾರ್ಥಿಗಳಿಗಾಗಿ ಪೂರ್ಣಾವಧಿಯ ಧರ್ಮಸೇವಕರನ್ನು ನೇಮಿಸಿತು. ಕಡಲಾಚೆ ನೆಲಸಿರುವ ನಮ್ಮ ಸಮಾಜದ ಮನೆತನಗಳಲ್ಲಿ ಇಷ್ಟಲಿಂಗವನ್ನು ಧರಿಸಿ ಬೆಳೆಯುವ ಮಕ್ಕಳಿಗೆ, ಆಸ್ಪತ್ರೆಯಲ್ಲಿ ಮಲಗಿದ ವೃದ್ಧರಿಗೆ, ಅವರ ನುಡಿಯಲ್ಲಿಯೇ ಮಾತಾಡಿಸುವ ಸೇವಕರು ಬೇಕಾಗಿರುವರು. ಆದುದರಿಂದ ಈ ಪ್ರಶ್ನೆಯು ಪರದೇಶದವರ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ; ನಮ್ಮ ಮಕ್ಕಳ ಪ್ರಶ್ನೆಯೂ ಆಗಿದೆ.

ಇಷ್ಟು ಹೇಳಿದ ಮೇಲೆ ಹುಡುಗನು ನನ್ನನ್ನು ಕೇಳಿದನು: “ಹಾಗಾದರೆ ಒಂದು ಭಕ್ತಿಯ ದಾರಿ, ಒಂದು ಬುದ್ಧಿಯ ದಾರಿ ಎನ್ನಬಹುದೆ, ಗುರುಗಳೆ?” ಹಾಗೆನ್ನಲಾಗದು. ಇದಕ್ಕೆ ನಮ್ಮ ಕನ್ನಡ ನಾಡಿನ ಚರಿತ್ರೆಯೇ ಸಾಕ್ಷಿ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರೂ ಫರ್ಡಿನಾಂಡ್ ಕಿಟೆಲ್ ಅವರೂ ಈ ನಾಡಿಗೆ ಬಂದುದು ಪಾಂಡಿತ್ಯಕ್ಕಾಗಿ ಅಲ್ಲ, ತಮ್ಮ ಮತದ ಸೇವೆಗಾಗಿ. ಮೋಗ್ಲಿಂಗರು ೧೮೪೩ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದರು. ಮುಂದೆ ಅವರು ಅಚ್ಚುಮಾಡಿಸಿದ ಪ್ರಾಚೀನ ಕನ್ನಡ ಕೃತಿಗಳ ಮಾಲೆಯಲ್ಲಿ ಬಸವಪುರಾಣವೂ ಸೇರಿತ್ತು. ಅನ್ಯಮತದ ಸೇವಕರೊಬ್ಬರ ಕೈಯಿಂದ ನಮ್ಮ ಪುರಾಣವು ಮುದ್ರಣವನ್ನು ಕಂಡಿತು! ೧೮೫೩ರಲ್ಲಿ ಬಂದ ಕಿಟೆಲ್ಲರು ೧೮೯೪ರಲ್ಲಿ ತಮ್ಮ ಕನ್ನಡ ನಿಘಂಟನ್ನು ಪ್ರಕಟಿಸಿದರು. ಅವರು ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ, ಮಿಶನ್ನಿನ ಗುರುಕುಲದಲ್ಲಿ ಕಲಿತವರು. ಟ್ಯೂಬಿಂಗನ್ ವಿಶ್ವವಿದ್ಯಾಲಯವೇ ೧೮೯೬ರಲ್ಲಿ ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಸೇವೆಯ ದಾರಿಯಲ್ಲಿ ಬುದ್ಧಿಯಿಲ್ಲವೆನ್ನುವವರಿಗೆ ಇದೇ ಉತ್ತರ.

ಇನ್ನು ನಮ್ಮವರ ಮಾತು. ಅಮೇರಿಕೆಯ ಅಧ್ಯಾಪಕರ ಸಂಘವು ಹುಟ್ಟಿದ ಆ ೧೯೦೯ರಲ್ಲಿಯೇ, ಬಾದಾಮಿಯ ಸಮೀಪದಲ್ಲಿ ಮಲಪ್ರಭಾ ನದಿಯ ದಡದ ಮೇಲೆ ಹಾನಗಲ್ಲ ಶ್ರೀ ಕುಮಾರ ಸ್ವಾಮಿಗಳವರು ಶಿವಯೋಗ ಮಂದಿರವನ್ನು ಸ್ಥಾಪಿಸಿದರು. ಇವೆರಡಕ್ಕೂ ಪರಸ್ಪರ ಗಂಧಗಾಳಿಯೂ ಇರಲಿಲ್ಲ. ಆದರೂ ಒಂದೇ ವರ್ಷದಲ್ಲಿ ಕಲಿಸುವವರ ಸಂಘವು ಅಲ್ಲಿ, ಸಲ್ಲಿಸುವವರ ಗುರುಕುಲವು ಇಲ್ಲಿ ಕಣ್ಣುದೆರೆದುದು ನೆನಪಿನಲ್ಲಿಡತಕ್ಕ ಸಂಗತಿ. ಮಠಗಳಿಗೆ ಯೋಗ್ಯರಾದ ಅಧಿಪತಿಗಳು ಬೇಕು, ಸಮಾಜಕ್ಕೆ ಆಚಾರವಂತರಾದ ಗುರುಗಳು ಬೇಕು ಎಂಬ ಕಳವಳದಿಂದ ಆ ಮಹಾತ್ಮರು ವಟುಗಳನ್ನು ಕೂಡಿಸಿ, ಸಂಸ್ಕೃತ ಕನ್ನಡಗಳನ್ನೂ ಸಿದ್ಧಾಂತವನ್ನೂ ಯೋಗವನ್ನೂ ಸಂಗೀತವನ್ನೂ ಕಲಿಸುವ ಏರ್ಪಾಡು ಮಾಡಿದರು. ಗೋಶಾಲೆಯಲ್ಲಿ ದುಡಿಯುವುದೂ ವಿಭೂತಿಯನ್ನು ತಯಾರಿಸುವುದೂ ಅಲ್ಲಿ ಶಿಕ್ಷಣದ ಅಂಗಗಳೇ ಆದವು. ಬೇಸಗೆಯ ಆ ಆಸ್ಪತ್ರೆಯಲ್ಲಿ ಬೋಯ್ಸನ್ನರು ಕಲಿಸಿದುದೂ, ಮಲಪ್ರಭೆಯ ದಡದಲ್ಲಿ ಕುಮಾರ ಸ್ವಾಮಿಗಳವರು ಕಲಿಸಿದುದೂ ಒಂದು ಮಾತಿನಲ್ಲಿ ಕೂಡುತ್ತವೆ: ಸೇವೆಯನ್ನು ಸೇವೆ ಮಾಡಿಯೇ ಕಲಿಯಬೇಕು.

ಇದರ ಎದುರಿಗೆ ಬೇರೊಂದು ಸಾಲನ್ನು ಇಟ್ಟು ನೋಡಿರಿ. ವಿಜಾಪುರದಲ್ಲಿ ವಕೀಲಿ ಮಾಡಿಕೊಂಡಿದ್ದ ಫ.ಗು. ಹಳಕಟ್ಟಿಯವರು ಮಠಾಧಿಪತಿಗಳಲ್ಲ, ಧರ್ಮಶಾಸ್ತ್ರದ ಪದವೀಧರರೂ ಅಲ್ಲ. ಊರೂರು ತಿರುಗಿ ತಾಳೆಗರಿಗಳನ್ನು ಕೂಡಿಹಾಕಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, ಶರಣರ ವಚನಗಳನ್ನು ಮನೆಮನೆಗೆ ಮುಟ್ಟಿಸಿದವರು ಅವರು. ಶಿ.ಚೆ. ನಂದೀಮಠರು ಲಂಡನ್ನಿಗೆ ಹೋಗಿ ವೀರಶೈವವನ್ನೇ ಕುರಿತು ಸಂಶೋಧನೆ ಮಾಡಿ ಡಾಕ್ಟರ್ ಪದವಿಯನ್ನು ಪಡೆದು ಬಂದರು. ೧೯೪೨ರಲ್ಲಿ ಅವರ ಇಂಗ್ಲಿಷ್ ಗ್ರಂಥವು ಧಾರವಾಡದಲ್ಲಿ ಪ್ರಕಟವಾಯಿತು. ಈ ಮಹನೀಯರು ಯಾರಿಗೂ ದೀಕ್ಷೆ ಕೊಡಲಿಲ್ಲ. ಆದರೆ ಅವರು ದುಡಿಯದೆ ಇದ್ದಿದ್ದರೆ ದೀಕ್ಷೆ ಕೊಡುವ ಗುರುಗಳು ಇಂದು ಪ್ರವಚನಪೀಠದಲ್ಲಿ ಕುಳಿತು ಯಾವ ವಚನಗಳಿಗೆ ಅರ್ಥ ಹೇಳುತ್ತಿದ್ದರು? ಪಾಂಡಿತ್ಯದ ದಾರಿಯಲ್ಲಿ ಭಕ್ತಿಯಿಲ್ಲವೆನ್ನುವವರಿಗೆ ಇದು ಉತ್ತರ.

ಹಾಗಾದರೆ ನಿಜವಾದ ಭೇದವೆಲ್ಲಿ? ನನ್ನ ಅಲ್ಪ ಬುದ್ಧಿಗೆ ತೋರುವುದೇನೆಂದರೆ, ಭೇದವಿರುವುದು ಉತ್ತರ ಹೇಳಬೇಕಾದ ಕಟ್ಟೆಯಲ್ಲಿ. ಪಂಡಿತನು ಉತ್ತರ ಹೇಳಬೇಕಾದುದು ಆಧಾರಗಳಿಗೆ ಮತ್ತು ತನ್ನಂಥ ಇತರ ಪಂಡಿತರಿಗೆ. ಶಾಸನವು ಹೀಗೆಂದರೆ, ತನಗೆಷ್ಟು ಪ್ರಿಯವಾದ ನಂಬಿಕೆಯೇ ಇರಲಿ, ಅವನು ಶಾಸನದ ಮಾತನ್ನು ಮುಚ್ಚಿಡತಕ್ಕದ್ದಲ್ಲ. ಗುರುವು ಉತ್ತರ ಹೇಳಬೇಕಾದುದು ಬಾಗಿಲಿಗೆ ಬಂದ ಭಕ್ತನಿಗೆ. ಆಧಾರಗಳೆಲ್ಲ ಸಿಕ್ಕಿದ ಮೇಲೆ ಬಾ ಎಂದು ಅವನನ್ನು ತಿರುಗಿ ಕಳುಹಿಸುವಂತಿಲ್ಲ. ಈ ಎರಡು ಕಟ್ಟೆಗಳಲ್ಲಿ ಯಾವುದರ ಮುಂದೆ ತಾನು ನಿಲ್ಲುವೆನೆಂಬುದನ್ನು ಅರಿಯದೆ ಹೋದವನು ಎರಡರಲ್ಲಿಯೂ ತಪ್ಪಿತಸ್ಥನಾಗುವನು. ಇದನ್ನು ನಾನು ಪುಸ್ತಕದಿಂದ ಕಲಿತುದಲ್ಲ.

ನಾನು ವಿಶ್ವವಿದ್ಯಾಲಯದ ಪದವಿಯನ್ನು ಪಡೆದು ಊರಿಗೆ ಮರಳಿದ ಹೊಸತು. ಮಠದ ಅಂಗಳದಲ್ಲಿ ಒಬ್ಬ ಮುದುಕಿ, ಹೊಲದಲ್ಲಿ ಹಾವು ಕಡಿದು ತೀರಿಕೊಂಡ ಮಗನಿಗಾಗಿ ಗೋಳಾಡುತ್ತ ಕುಳಿತಿದ್ದಳು. ನಾನು ಮಠದಲ್ಲಿ ಓದಿ ಬಂದವನೆಂದು ತಿಳಿದು ನನ್ನ ಕಾಲು ಹಿಡಿದು, “ನನ್ನ ಮಗ ಎಲ್ಲಿ ಹೋದ್ನೋ ಯಪ್ಪಾ?” ಎಂದಳು. ನಾನು ಏನು ಮಾಡಿದೆನೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಲಿಂಗೈಕ್ಯವೆಂಬ ಭಾವನೆಯು ನಮ್ಮ ಗ್ರಂಥಗಳಲ್ಲಿ ಯಾವ ಯಾವ ಅರ್ಥದಲ್ಲಿ ಬಂದಿದೆಯೆಂಬುದನ್ನು ಅವಳಿಗೆ ವಿವರಿಸತೊಡಗಿದೆನು! ಅವಳು ನನ್ನ ಬಾಯನ್ನೇ ನೋಡುತ್ತಿದ್ದು, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ನನ್ನ ಕಾಲನ್ನು ಬಿಟ್ಟಳು. ಅಷ್ಟರಲ್ಲಿ ಅಂದಿನ ಹಿರಿಯ ಶ್ರೀಗಳು ಹೊರಗೆ ಬಂದರು. ಬಂದವರೇ ಅವಳ ಪಕ್ಕದಲ್ಲಿ ಬರಿಯ ನೆಲದ ಮೇಲೆ ಕುಳಿತು, ಹಣೆಗೆ ವಿಭೂತಿಯನ್ನು ಹಚ್ಚಿ, ಮಗನ ಹೆಸರನ್ನು ಕೇಳಿದರು. ಅವನು ಹುಟ್ಟಿದುದನ್ನೂ ಬೆಳೆದುದನ್ನೂ ಅವಳು ಹೇಳುತ್ತ ಹೋದಳು. ಅವರು ಹೂಂಗುಟ್ಟುತ್ತ ಕೇಳಿದರು. ದೀಪ ಹಚ್ಚುವ ಹೊತ್ತಾಯಿತು. ಆಗ ಅವಳು ತಾನಾಗಿಯೇ ಎದ್ದು ಪ್ರಸಾದಕ್ಕೆ ನಡೆದಳು. ನಾನು ಹೇಳಿದ ಮಾತುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ; ಆದರೆ ಅವಳು ಕೇಳಿದ ಪ್ರಶ್ನೆಗೆ ಅವುಗಳಲ್ಲಿ ಒಂದೂ ಉತ್ತರವಾಗಿರಲಿಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಬೇರೊಂದು ಊರಿನಲ್ಲಿ, ಹೆಸರು ಬೇಡ, ತಾಳೆಗರಿಯ ಕಟ್ಟುಗಳನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ತಲೆಮಾರುಗಳಿಂದ ಪೂಜಿಸಿಕೊಂಡು ಬಂದಿದ್ದರು. ಭಕ್ತಿಗೆ ಕೊರತೆಯಿರಲಿಲ್ಲ, ನಿತ್ಯವೂ ಹೂವು ಏರುತ್ತಿದ್ದಿತು, ಧೂಪ ಹಾಕುತ್ತಿದ್ದರು. ಆದರೆ ಬಿಚ್ಚಿ ಓದಬಲ್ಲವರು ಯಾರೂ ಇರಲಿಲ್ಲ. ನಾನು ಕೇಳಿಕೊಂಡ ಮೇಲೆ ಒಂದು ದಿನ ಕಟ್ಟನ್ನು ಬಿಚ್ಚಿದರು. ಒಳಗೆ ಗೆದ್ದಲು ತಿಂದು ಉಳಿದ ಪುಡಿಯು ಕೈಗೆ ಬಂದಿತು. ಅದರಲ್ಲಿ ಯಾವ ಶರಣರ ಯಾವ ಮಾತುಗಳಿದ್ದುವೋ ಇನ್ನು ಯಾರೂ ಅರಿಯಲಾರರು. ಮುದುಕಿಯ ಮುಂದೆ ನಾನು ಸೋತೆನು. ಆ ಅಟ್ಟದ ಮೇಲೆ ಭಕ್ತಿಯು ಸೋತಿತು. ಗುರುವಿನ ಕೆಲಸವನ್ನು ಪಂಡಿತನೂ ಪಂಡಿತನ ಕೆಲಸವನ್ನು ಪೂಜೆಯೂ ಮಾಡಲಾರವು.

ಆದಕಾರಣ, ಈ ಎರಡು ಪದವಿಗಳಲ್ಲಿ ಯಾವುದು ಮೇಲು ಯಾವುದು ಕೀಳು ಎಂದು ಕೇಳುವುದು ತರವಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ದಿನವೆಲ್ಲ ಒಬ್ಬನೇ ಕುಳಿತು ಒಂದು ಅಕ್ಷರದ ಪಾಠಾಂತರವನ್ನು ಹುಡುಕುವುದರಲ್ಲಿ ನಿನಗೆ ಸಂತೋಷವುಂಟೆ? ಅಥವಾ ಅರ್ಧರಾತ್ರಿಯಲ್ಲಿ ಬಾಗಿಲು ತಟ್ಟಿದರೆ ಬೇಸರಪಡದೆ ಏಳಬಲ್ಲೆಯಾ? ನಿನ್ನ ಸಂಶೋಧನೆಯು ನಿನ್ನ ಸಮಾಜದವರಿಗೆ ಹಿಡಿಸದ ಫಲವನ್ನು ಕೊಟ್ಟರೆ ಅದನ್ನು ವಿನಯದಿಂದ ಹೇಳುವ ಧೈರ್ಯವುಂಟೆ? ಅಥವಾ ನಿನಗೆ ತಿಳಿದುದೆಲ್ಲವನ್ನೂ ನುಂಗಿಕೊಂಡು, ಎದುರಿಗಿರುವವರ ಮಾತನ್ನು ಮಾತ್ರ ಕೇಳುವ ತಾಳ್ಮೆಯುಂಟೆ? ಮೊದಲಿನ ದಾರಿಯವರಿಗೆ ಮಠವು ಪೀಠವನ್ನು ಕೊಡಲಾರದು, ಅವರೂ ಪೀಠದ ಅಧಿಕಾರದಿಂದ ಮಾತಾಡಬಾರದು. ಎರಡನೆಯ ದಾರಿಯವರಿಗೆ ವಿಶ್ವವಿದ್ಯಾಲಯವು ಕುರ್ಚಿಯನ್ನು ಕೊಡದೆ ಹೋಗಬಹುದು, ಅವರೂ ಅದಕ್ಕಾಗಿ ಕೊರಗಬಾರದು. ಕೆಲವು ವಿದ್ಯಾಲಯಗಳು ಎರಡನ್ನೂ ಕೂಡಿಸಿ ಓದುವ ಅವಕಾಶವನ್ನು ಕೊಡುವುದುಂಟು. ಆದರೆ ಓದನ್ನು ಕೂಡಿಸಬಹುದೇ ಹೊರತು ಆಯುಷ್ಯವನ್ನು ಕೂಡಿಸಲು ಬಾರದು.

ಭಕ್ತರಿಗೂ ಒಂದು ಅರಿಕೆ. ಮಠದ ಹಣದಿಂದ ಓದಿದವನು ಮಠಕ್ಕೇ ಮರಳಿ ಕಾವಿ ಧರಿಸಲೇಬೇಕೆಂಬ ನಿರೀಕ್ಷೆಯನ್ನು ನಾವು ಇಟ್ಟುಕೊಳ್ಳಬಾರದು. ಹಾಗೆಯೇ, ಪದವಿಗಳ ಸಾಲೊಂದನ್ನೇ ನೋಡಿ ಪೀಠಕ್ಕೆ ಯೋಗ್ಯನೆಂದು ನಿಶ್ಚಯಿಸುವುದೂ ಸಲ್ಲದು. ಮಹೋತ್ಸವದ ನಿಮಿತ್ತ ಕೂಡಿದ ನಿಧಿಯಲ್ಲಿ ಎರಡು ದಾರಿಗಳಿಗೂ ಪಾಲಿರಲಿ. ಯಾವ ದಾರಿಗಾಗಿ ಕೊಟ್ಟೆವೆಂಬುದು ಮಾತ್ರ ಕೊಡುವವರಿಗೂ ಕೊಳ್ಳುವವರಿಗೂ ಮೊದಲೇ ತಿಳಿದಿರಲಿ.

ಆ ತರುಣನ ಮಾತನ್ನು ಹೇಳಿ ಮುಗಿಸುವೆನು. ನನ್ನಿಂದ ಇದೆಲ್ಲವನ್ನೂ ಕೇಳಿದ ಮೇಲೆ ಅವನು ಶ್ರೀಗಳ ಅಪ್ಪಣೆಯನ್ನು ಪಡೆದು ಒಂದು ತಿಂಗಳು ಮಠದಲ್ಲಿಯೇ ನಿಂತನು. ಶ್ರೀಗಳೊಡನೆ ಭಕ್ತರ ಮನೆಗಳಿಗೂ ಸಾವಿನ ಮನೆಗಳಿಗೂ ಹೋಗಿ ಬಂದನು. ಉಳಿದ ಹೊತ್ತಿನಲ್ಲಿ ಮಠದ ಗ್ರಂಥಭಂಡಾರದ ಬಾಗಿಲು ತೆರೆದುಕೊಂಡು ಕುಳಿತಿರುತ್ತಿದ್ದನು. ತಿಂಗಳು ತುಂಬಿದ ದಿನ ಶ್ರೀಗಳು, “ತಮ್ಮಾ, ಯಾವ ಹೊತ್ತು ಬೇಗ ಕಳೆಯಿತು?” ಎಂದಷ್ಟೇ ಕೇಳಿದರು. ಅವನು ತಲೆ ತಗ್ಗಿಸಿ, ಗ್ರಂಥಭಂಡಾರದಲ್ಲಿದ್ದ ಹೊತ್ತೆಂದು ಒಪ್ಪಿಕೊಂಡನು. ತಾನು ಮಠಕ್ಕೆ ದ್ರೋಹ ಮಾಡಿದೆನೋ ಎಂಬಂತೆ ಅವನ ಕಣ್ಣುಗಳಲ್ಲಿ ನೀರು ಬಂದಿದ್ದವು. ಶ್ರೀಗಳು ಎರಡು ಕಾಗದಗಳಲ್ಲಿ ಎಂ.ಎ.ದ ಕಾಗದವನ್ನು ತೆಗೆದು ಅವನ ಕೈಗಿತ್ತು, “ಇದೂ ಶಿವನ ಕೆಲಸವೇ. ಓದಿ ಬಾ. ನಮ್ಮ ಭಂಡಾರದ ಕಟ್ಟುಗಳನ್ನು ಗೆದ್ದಲು ಮುಟ್ಟುವ ಮೊದಲು ನೀನು ಮುಟ್ಟು” ಎಂದು ಹರಸಿದರು. ಅವನು ಈಗ ಕಡಲಾಚೆಯಲ್ಲಿ ಓದುತ್ತಿದ್ದಾನೆ. ಮಾಸ್ಟರ್ ಆಫ್ ಡಿವಿನಿಟಿಯ ಆ ಇನ್ನೊಂದು ಕಾಗದವು ಮಠದಲ್ಲಿಯೇ ಇದೆ. ಅರ್ಧರಾತ್ರಿಯಲ್ಲಿ ಬಾಗಿಲು ತೆರೆಯಬಲ್ಲ ಮತ್ತೊಬ್ಬ ಶಿಷ್ಯನು ಬಂದು ಅದರ ವಿಷಯವಾಗಿ ಕೇಳುವ ದಿನವು ಬೇಗನೆ ಬರಲೆಂದು ಪರಶಿವನನ್ನು ಪ್ರಾರ್ಥಿಸಿ, ಈ ಕಿರುಲೇಖನವನ್ನು ಶ್ರೀಮಠದ ಅಡಿದಾವರೆಗಳಲ್ಲಿ ಸಮರ್ಪಿಸುತ್ತೇನೆ.

ಸರ್ವರಿಗೂ ಮಂಗಲವಾಗಲಿ.